ಡ್ರೈವರ್ ಅಣ್ಣನ ಎಡ ಮೊಣಕಾಲು

ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗಿದೆ ನಮ್ಮ ಅಜ್ಜಿ ಮನೆ. ಟಾರು ರಸ್ತೆ ಬಿಟ್ಟರೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ, ಕೊನೆಗೊಂದು ಕಡಿದಾದ ಏರು. ಕಳೆದ ಜುಲೈನಲ್ಲಿ ಒಂದು ರಾತ್ರಿ ಅಜ್ಜಿಗೆ ಉಸಿರಾಡೋಕೆ ಕಷ್ಟವಾಯ್ತು. ನನ್ನ ಪುಟ್ಟ ಕಾರು ಏರಿನ ಬುಡದಲ್ಲೇ ಕೆಸರಲ್ಲಿ ಹೂತು ಕೂತಿತ್ತು. ಅಜ್ಜೀನ ಕುರ್ಚೀಲಿ ಕೂರಿಸಿ, ಮಳೆಯಲ್ಲೇ ನಾಲ್ಕು ಜನ ಹೊತ್ತು ಇಳಿಸಿದ್ವಿ. ಪಕ್ಕದ ತೋಟದವರ ಜೀಪು ಮೂಡಿಗೆರೆ ಆಸ್ಪತ್ರೆ ಮುಟ್ಟಿಸ್ತು. ಅಜ್ಜಿ ಈಗ ಆರಾಮಾಗಿದ್ದಾಳೆ. ಬೆಂಗಳೂರಿಗೆ ಬಾ ಅಂದ್ರೆ ಮಾತ್ರ, "ಅಲ್ಲಿ ಮಳೆ ಸದ್ದೇ ಕೇಳಲ್ವಲ್ಲೋ ಮಗ" ಅಂತಾಳೆ.

ಹಾಗಾಗಿ ನಾನು ಫೋರ್ ವೀಲ್ ಗಾಡಿ ಹುಡುಕೋಕೆ ಶುರುಮಾಡಿದೆ. ಫ್ಲ್ಯಾಟಿನ ಇಎಂಐ ಕಟ್ತಿರೋನಿಗೆ ಹೊಸದು ಕನಸಿನ ಮಾತು. ಬೆಂಗಳೂರಲ್ಲಿ ಮೂರು ಹಳೇ ಗಾಡಿ ನೋಡಿದೆ. ಪೇಂಟು ಫಳಫಳ, ಟೈರು ದಪ್ಪ. "ಫೋರ್ ವೀಲ್ ಹಾಕಿ ತೋರಿಸಿ" ಅಂದ್ರೆ ಎಲ್ಲರೂ ಟಾರು ರಸ್ತೆಯಲ್ಲೇ ಲಿವರ್ ಎಳೆದು ತೋರಿಸೋರು. ಅದರಿಂದ ಏನೂ ಗೊತ್ತಾಗಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಹಳೇ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಶಾಫ್ಟ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದ ಹಾಗೆ. ಕೆಸರಲ್ಲಾದರೆ ಚಕ್ರ ಚೂರು ಜಾರಿ ಹೊಂದಿಕೊಳ್ಳುತ್ತೆ. ಒಣ ಟಾರಿನಲ್ಲಿ ಜಾರೋಕೆ ಜಾಗ ಇಲ್ಲ, ಒತ್ತಡವೆಲ್ಲ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳುತ್ತೆ. ಪರೀಕ್ಷೆ ಮಾಡೋಕೆ ಹೋಗಿ ನಾವೇ ಹಾಳುಮಾಡಿದಂತೆ. ಫೋರ್ ವೀಲ್ ಗಾಡಿ ನೋಡಬೇಕು ಅಂದ್ರೆ ಮಣ್ಣಿರೋ ಕಡೆಗೇ ಹೋಗಬೇಕು.

ಆಫೀಸಿನ ಗೆಳೆಯನೊಬ್ಬ ಸಕಲೇಶಪುರದವನು. ಹೆತ್ತೂರು ಕಡೆ ಒಂದು ತೋಟದಲ್ಲಿ ಜೀಪು ಮಾರ್ತಾರಂತೆ ಅಂದ. ಅಕ್ಟೋಬರ್ ಮೊದಲ ವಾರ, ರಾತ್ರಿ ಬಸ್ಸು. ಬೆಳಗಿನ ಜಾವ ಸಕಲೇಶಪುರದಲ್ಲಿ ಇಳಿದಾಗ ಹೇಮಾವತಿ ಮೇಲೆ ಮಂಜು ಎಷ್ಟು ದಟ್ಟ ಅಂದ್ರೆ ಸೇತುವೆಯ ಆಚೆ ತುದಿ ಕಾಣ್ತಿರಲಿಲ್ಲ. ನನ್ನ ಜೊತೆ ಇಳಿದವರೆಲ್ಲ ಮಂಜರಾಬಾದ್ ಕೋಟೆ, ಹೋಂಸ್ಟೇ ಅಂತ ಮಾತಾಡ್ಕೊಂಡು ಹೋದ್ರು. ನಾನೊಬ್ಬನೇ ಬ್ಯಾಗಲ್ಲಿ ಟಾರ್ಚು, ಹಳೇ ಬನಿಯನ್ ಬಟ್ಟೆ ಇಟ್ಕೊಂಡು ಹೆತ್ತೂರು ಬಸ್ಸಿಗೆ ಕಾದೆ. ದಾರಿಯುದ್ದಕ್ಕೂ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಕಾಯಿ ಇನ್ನೂ ಹಸಿರು.

ಸಾಹುಕಾರ್ರು ಎಪ್ಪತ್ತು ದಾಟಿದವರು. ಕಾಫಿ, ಅಕ್ಕಿರೊಟ್ಟಿ ಆಗದೆ ವ್ಯವಹಾರದ ಮಾತೇ ಎತ್ತಲಿಲ್ಲ. 2009ರ ಗಾಡಿ, ಕೆಎ 46 ನಂಬರು, 15 ವರ್ಷ ತುಂಬಿದ ಮೇಲೆ ಮತ್ತೆ 5 ವರ್ಷಕ್ಕೆ ನೋಂದಣಿ ಮಾಡಿಸಿದ್ರು. ಓಡಿರೋದು 68,000 ಕಿಲೋಮೀಟರ್. ಕಡಿಮೆ ಅನ್ನಿಸಬಹುದು, ಆದ್ರೆ ಅದು ತೋಟದ ಕಿಲೋಮೀಟರ್. ಕೇಳಿದ ಬೆಲೆ 3 ಲಕ್ಷದ 40 ಸಾವಿರ. ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಅಂದ್ರೆ ಮೊದಲೇ ಬಿಸಿ ಮಾಡಿಟ್ಟಿಲ್ಲ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಇಲ್ಲ, ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಇಲ್ಲ. ಮನಸ್ಸಲ್ಲೇ ಕೊಂಡುಬಿಟ್ಟಿದ್ದೆ.

ಡ್ರೈವರ್ ಅಣ್ಣ ತೋಟದೊಳಗೆ ಒಂದು ಸುತ್ತು ಕರ್ಕೊಂಡು ಹೋದರು. ಕಣದ ಹಿಂದಿನ ಇಳಿಜಾರು ಬಂದಾಗ ನಿಲ್ಲಿಸಿ, ಲೋ ಗೇರ್ ಹಾಕಿ, ಎಡ ಮೊಣಕಾಲನ್ನ ಲಿವರಿಗೆ ಒತ್ತಿ ಹಿಡಿದರು. ಇಳಿಜಾರು ಮುಗಿಯೋವರೆಗೂ ಕಾಲು ತೆಗೀಲಿಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲವೇನೋ, ಅಷ್ಟು ಅಭ್ಯಾಸ. ನಮ್ಮ ಆಫೀಸಲ್ಲಿ ಇಂಥದ್ದಕ್ಕೆ ವರ್ಕ್‌ಅರೌಂಡ್ ಅಂತೀವಿ. ಎಲ್ಲರಿಗೂ ಎಷ್ಟು ರೂಢಿಯಾಗಿರುತ್ತೆ ಅಂದ್ರೆ ಒಳಗೊಂದು ಬಗ್ ಇದೆ ಅನ್ನೋದೇ ಮರೆತುಹೋಗಿರುತ್ತೆ.

"ಅಣ್ಣ, ಕಾಲು ಯಾಕೆ?" ಅಂತ ಕೇಳಿದೆ. ಅವರು ಮನೆ ಕಡೆ ನೋಡಿದರು. "ನೀವೇ ಒಂದ್ಸಲ ಓಡಿಸಿ ನೋಡಿ ಸಾರ್" ಅಂದರು, ಅಷ್ಟೇ.

ಓಡಿಸಿದೆ. ಏರು ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಅರ್ಧಕ್ಕೆ ಬಂದಿದ್ದೆ, ಟಕ್ ಅಂತ ಲಿವರ್ ತಾನಾಗೇ ನ್ಯೂಟ್ರಲ್ಲಿಗೆ ಹಾರಿತು. ಇಂಜಿನ್ನಿನ ಹಿಡಿತ ತಪ್ಪಿ ಗಾಡಿ ಬಿಟ್ಟ ಬಾಣ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಆದರೆ ನೀವು ಯಾವ ಗೇರಲ್ಲಿದ್ದರೂ ಚಕ್ರಕ್ಕೆ ಸಂಬಂಧವೇ ಇಲ್ಲ. ಬ್ರೇಕ್ ತುಳಿದೆ, ಕೆಸರಲ್ಲಿ ಜಾರಿ ಒಂದು ಸಿಲ್ವರ್ ಓಕ್ ಮರಕ್ಕೆ ಎರಡು ಮೊಳ ದೂರದಲ್ಲಿ ನಿಂತಿತು. ನನಗೆ ಆ ಹೊತ್ತಿಗೆ ಕಂಡಿದ್ದು ಹಿಂದಿನ ಸೀಟಲ್ಲಿ ಅಜ್ಜಿ.

ಸಾಹುಕಾರ್ರಿಗೆ, ನಾನು ಓಡಿಸುವಾಗ ಹೀಗಾಯ್ತು ಅಂತ ಮಾತ್ರ ಹೇಳಿದೆ. ಮೊಣಕಾಲಿನ ಸುದ್ದಿ ಎತ್ತಲಿಲ್ಲ. ನಾನು ಸಂಜೆ ಬಸ್ ಹತ್ತುವವನು, ಡ್ರೈವರ್ ಅಣ್ಣ ಮರುದಿನವೂ ಅದೇ ಅಂಗಳಕ್ಕೆ ಬರಬೇಕಾದವರು. ಸಾಹುಕಾರ್ರು ನಿಜಕ್ಕೂ ಗಾಬರಿಯಾದರು. ಅವರು ಆ ಇಳಿಜಾರಲ್ಲಿ ಸ್ಟೇರಿಂಗ್ ಹಿಡಿದು ಎಷ್ಟು ವರ್ಷವಾಗಿತ್ತೋ. ಸುಳ್ಳು ಹೇಳಿದ್ದರು ಅಂತ ನನಗನ್ನಿಸಲಿಲ್ಲ.

ಪೇಟೆಯ ಮೆಕ್ಯಾನಿಕ್ ಹೇಳಿದ್ದು ನೇರ: "ಒಳಗಿನ ಸ್ಪ್ರಿಂಗ್ ಹೋಗಿದ್ರೆ ಸಾವಿರದಲ್ಲಿ ಮುಗೀತದೆ. ಗೇರಿನ ಹಲ್ಲು ಹೋಗಿದ್ರೆ ದೊಡ್ಡ ಖರ್ಚು. ಬಿಚ್ಚದೆ ಹೇಳಕ್ಕಾಗಲ್ಲ." ಬಿಚ್ಚುವ ಕೂಲಿ ನನ್ನದು, ಹಲ್ಲು ಹೋಗಿದ್ದರೆ ಬೆಲೆಯಲ್ಲಿ 35,000 ಇಳಿಸೋದು ಅಂತ ಮಾತಾಯ್ತು. ಬಿಚ್ಚಿದರೆ ಹಲ್ಲಿನ ತುದಿಗಳು ನದಿ ಕಲ್ಲಿನ ಹಾಗೆ ದುಂಡಗಾಗಿದ್ದವು. ಗೇರನ್ನ ತಳ್ಳುವ ಫೋರ್ಕ್ ಕೂಡ ಸವೆದಿತ್ತು. ಅದಕ್ಕೆ ಕಾರಣ ವರ್ಷಗಟ್ಟಲೆ ಒತ್ತಿ ಹಿಡಿದ ಮೊಣಕಾಲು! ಗಾಡಿ ಕಾಪಾಡೋಕೆ ಮಾಡಿದ್ದೇ ಅದನ್ನ ಇನ್ನಷ್ಟು ತಿಂದಿತ್ತು. ಹಳೇ ಗೇರನ್ನ ಪೇಪರಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆ. ಆರನೇ ಅಂಗಡಿಯಲ್ಲಿ ಸಿಕ್ತು. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡ ದಿನ ಡ್ರೈವರ್ ಅಣ್ಣ ಜೀಪಿನ ಬಾಗಿಲನ್ನ ಒಮ್ಮೆ ತಟ್ಟಿ ಸುಮ್ಮನೆ ಕಣದ ಕಡೆ ಹೋದರು.

ನವೆಂಬರಿನ ಒಂದು ಶನಿವಾರ ಅಜ್ಜಿ ಮನೆ ಏರು ಹತ್ತಿದೆ. ಇಳಿಯುವಾಗ ನನ್ನ ಮೊಣಕಾಲು ತಾನಾಗೇ ಲಿವರ್ ಕಡೆ ಹೋಯ್ತು. ಬೇಕಂತಲೇ ಹಿಂದಕ್ಕೆ ಎಳೆದುಕೊಂಡೆ. ಲಿವರ್ ಅಲ್ಲಾಡಲಿಲ್ಲ. ನಾಲ್ಕು ಸಲ ಹತ್ತಿ ಇಳಿದೆ. ಜಗಲಿ ಮೇಲಿಂದ ಎಲ್ಲಾ ನೋಡ್ತಿದ್ದ ಅಜ್ಜಿ ಹತ್ತಿರ ಬಂದು, ಫುಟ್‌ಬೋರ್ಡ್ ನೋಡಿ, "ಇಷ್ಟೆತ್ತರ ನಾನು ಹತ್ತೋದು ಹೆಂಗೋ ಮಗ?" ಅಂದಳು.

ಆವತ್ತಿಂದ ಜೀಪಿನ ಹಿಂದೆ ಜಾಕಿಯ ಪಕ್ಕ ಅಡುಗೆಮನೆಯ ಮರದ ಸ್ಟೂಲೂ ಇದೆ.