ತರಬೇತಿ ಕೇಂದ್ರಕ್ಕೊಂದು ಜಾಲತಾಣ

ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಬೇಕೆಂದರೆ ನಮ್ಮ ಸೀಮೆಯ ಯುವಕರು ಒಂದು ಕಾಲದಲ್ಲಿ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಾಗಿತ್ತು. ಈಗ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿಯೇ ಸಣ್ಣ ಸಣ್ಣ ಕೇಂದ್ರಗಳು ಹುಟ್ಟಿಕೊಂಡಿವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುಂಡ್ಲುಪೇಟೆಯಲ್ಲಿ ಅಂಥದೊಂದನ್ನು ನಡೆಸುತ್ತಿದ್ದಾಳೆ. ಎಫ್‌ಡಿಎ, ಎಸ್‌ಡಿಎ, ಶಿಕ್ಷಕರ ಅರ್ಹತಾ ಪರೀಕ್ಷೆಗಳಿಗೆ ಸಿದ್ಧರಾಗುವ ಎಪ್ಪತ್ತು ಮಂದಿ ಅಲ್ಲಿ ಓದುತ್ತಾರೆ. ಕೊರಳ ಸರವನ್ನು ಅಡವಿಟ್ಟು ಬೆಂಚು ಮಾಡಿಸಿದವಳು ಆಕೆ. ಚಾಮರಾಜನಗರದಲ್ಲಿಯೂ ವಾರಾಂತ್ಯದ ತರಗತಿ ತೆರೆಯುವ ಆಸೆಯಿಂದ ಜಾಲತಾಣದ ವಿಚಾರ ಕೇಳಲು ನಮ್ಮ ಮನೆಗೆ ಬಂದಿದ್ದಳು.

“ಸಾರ್, ಮೂರು ದಾರಿ ಇವೆ. ಯಾವುದನ್ನು ಹಿಡಿಯಲಿ? ಸರ ಇನ್ನೂ ಬಿಡಿಸಿಕೊಂಡಿಲ್ಲ. ಎರಡು ಸಲ ಖರ್ಚು ಮಾಡುವ ಶಕ್ತಿ ನನಗಿಲ್ಲ” ಎಂದಳು.

ಮೊದಲನೆಯದು, ತರಬೇತಿ ಸಂಸ್ಥೆಗಳಿಗೆಂದೇ ಸಿದ್ಧಪಡಿಸಿದ ಬಾಡಿಗೆಯ ವ್ಯವಸ್ಥೆ. ಜಾಲತಾಣ, ಮೊಬೈಲ್ ಆ್ಯಪ್, ಶುಲ್ಕ ವಸೂಲಿ, ಅಣಕು ಪರೀಕ್ಷೆ ಎಲ್ಲವೂ ಒಂದೇ ಕಡೆ ದೊರೆಯುತ್ತವೆ. ಎರಡನೆಯದು, ಬ್ಲಾಗರ್‌ನಂಥ ಉಚಿತ ಸೇವೆ. ಮೂರನೆಯದು, ಸ್ವಂತ ವಿಳಾಸವನ್ನು ನೋಂದಾಯಿಸಿ, ಸರ್ವರ್‌ನಲ್ಲಿ ಜಾಗವನ್ನು ಬಾಡಿಗೆಗೆ ಪಡೆದು, 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶದಲ್ಲಿ ತಾಣ ಕಟ್ಟುವುದು. ತಂತ್ರಾಂಶಕ್ಕೆ ಹಣವಿಲ್ಲ, ವಿಳಾಸಕ್ಕೂ ಜಾಗಕ್ಕೂ ಕಾಲಕಾಲಕ್ಕೆ ಹಣ ಕಟ್ಟಬೇಕು.

ನೋಡಲು ಮೊದಲನೆಯದೇ ಸೊಗಸು. ಆದರೆ ಆಕೆ ತಂದಿದ್ದ ಕರಾರಿನ ಕರಡನ್ನು ಓದಿದಾಗ ಒಂದು ಷರತ್ತು ಕಣ್ಣಿಗೆ ಬಿತ್ತು. ಒಪ್ಪಂದ ಮುಗಿದ ಮೇಲೆ ವಿದ್ಯಾರ್ಥಿಗಳ ಪಟ್ಟಿಯಾಗಲಿ ಪಾಠದ ವಿಡಿಯೊಗಳಾಗಲಿ ಹಿಂದಿರುಗುವ ಭರವಸೆ ಇರಲಿಲ್ಲ. “ನೋಡಮ್ಮ, ಶಾಲೆಯ ಕಟ್ಟಡ ಬಾಡಿಗೆಯದಾದರೂ ನಡೆದೀತು. ಹಾಜರಿ ಪುಸ್ತಕ ಮನೆ ಮಾಲೀಕನ ಬೀರುವಿನಲ್ಲಿ ಇರಬಾರದು” ಎಂದೆ.

ಉಚಿತ ಸೇವೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಲಕ್ಷಾಂತರ ಜನ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೊಸಿಟೀಸ್ ಸೇವೆಯನ್ನು ಯಾಹೂ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಜಪಾನಿನ ಹೊರತು ಉಳಿದೆಡೆ ಮುಚ್ಚಿತು. ಬ್ಲಾಗರ್‌ನಲ್ಲಿ ಬರಹಗಳನ್ನೆಲ್ಲ ಒಂದೇ ಕಡತವಾಗಿ ಇಳಿಸಿಕೊಳ್ಳುವ ಅನುಕೂಲವಿದೆ. ಸ್ವಂತ ವಿಳಾಸವನ್ನು ಅದಕ್ಕೆ ಜೋಡಿಸಲೂಬಹುದು. ಆದ್ದರಿಂದ ಕೈಯಲ್ಲಿ ಹಣವೇ ಇಲ್ಲದವರಿಗೆ ಅದು ಕೆಟ್ಟ ಆರಂಭವೇನಲ್ಲ.

ವಿಳಾಸವೇ ಇಲ್ಲಿ ಮುಖ್ಯವಾದ ಆಸ್ತಿ. ಡಾಟ್ ಇನ್ ವಿಳಾಸಗಳು 2005ರಿಂದ ಎಲ್ಲರಿಗೂ ಮುಕ್ತವಾಗಿವೆ. ಅದನ್ನು ತಾಣ ಕಟ್ಟಿಕೊಡುವ ಹುಡುಗನ ಹೆಸರಿನಲ್ಲಿ ಅಲ್ಲ, ನಡೆಸುವವರ ಹೆಸರಿನಲ್ಲಿ, ಅವರದೇ ಇಮೇಲ್ ಕೊಟ್ಟು ನೋಂದಾಯಿಸಬೇಕು. ಆಗ ನಾಳೆ ವ್ಯವಸ್ಥೆ ಬದಲಾದರೂ ಕರಪತ್ರದಲ್ಲಿ ಅಚ್ಚಾದ ವಿಳಾಸ ಬದಲಾಗದು.

ಕನ್ನಡದ್ದೇ ಆದ ತೊಡಕೂ ಒಂದಿತ್ತು. ಆಕೆಯ ಹಲವು ವರ್ಷಗಳ ಟಿಪ್ಪಣಿಗಳು ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿದ್ದವು. ಅವನ್ನು ಹಾಗೆಯೇ ಜಾಲತಾಣಕ್ಕೆ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಂಪ್ಯೂಟರ್ ಕೆಲಸದವನೊಬ್ಬ ಪುಟಗಳನ್ನು ಚಿತ್ರಗಳನ್ನಾಗಿ ಹಾಕಲು ಸೂಚಿಸಿದ್ದನಂತೆ. ಚಿತ್ರಗಳು ಭಾರವಾಗುತ್ತವೆ, ಹುಡುಕಾಟಕ್ಕೂ ಸುಲಭವಾಗಿ ಸಿಗುವುದಿಲ್ಲ. ಬಂಡೀಪುರದ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ಗುಂಡ್ಲುಪೇಟೆಯವರಿಗೆ ಹೊಸದಲ್ಲ. ಟಿಪ್ಪಣಿಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೊಮ್ಮೆ ತಿದ್ದಿ ಹಾಕುವುದೇ ಸರಿಯಾದ ದಾರಿ.

ಇನ್ನು ತಾಣದಲ್ಲಿ ಏನಿರಬೇಕು? ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯೇ ಇದಕ್ಕೆ ಉತ್ತರ ಕೊಡುತ್ತದೆ. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ತರಬೇತಿ ಕೇಂದ್ರಗಳನ್ನು ಉದ್ದೇಶಿಸಿದ ಆ ಮಾರ್ಗಸೂಚಿಯ ಪ್ರಕಾರ, ಬೋಧಕರ ವಿದ್ಯಾರ್ಹತೆ, ಪಠ್ಯಕ್ರಮ, ಅವಧಿ, ಶುಲ್ಕ, ನಡುವೆ ಬಿಟ್ಟವರಿಗೆ ಶುಲ್ಕ ಹಿಂದಿರುಗಿಸುವ ನಿಯಮ ಇವೆಲ್ಲ ಜಾಲತಾಣದಲ್ಲಿರಬೇಕು. ರ‍್ಯಾಂಕ್ ಕೊಡಿಸುತ್ತೇವೆಂಬ ಖಾತರಿ ನೀಡಬಾರದು. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಬಾರದೆಂದೂ ಅದರಲ್ಲಿದೆ. ಇಷ್ಟನ್ನು ಹೇಳಲು ಐದಾರು ಪುಟಗಳು ಸಾಕು. ಕುಣಿಯುವ ಚಿತ್ರಗಳ ಅಗತ್ಯವಿಲ್ಲ.

ವರ್ಡ್‌ಪ್ರೆಸ್‌ನಲ್ಲಿಯೂ ಹೊಣೆಯಿದೆ. ತಂತ್ರಾಂಶವನ್ನು ಆಗಾಗ ನವೀಕರಿಸದಿದ್ದರೆ ಕಳ್ಳರು ನುಗ್ಗುತ್ತಾರೆ. ನಕಲು ಇಟ್ಟುಕೊಳ್ಳದಿದ್ದರೆ ಎಲ್ಲವೂ ಹೋಗುತ್ತದೆ. ದೂರದ ಊರುಗಳ ಸಾವಿರಾರು ಮಂದಿಗೆ ವಿಡಿಯೊ ಪಾಠ ಮಾರುವವರಿಗಾದರೆ ಬಾಡಿಗೆಯ ವ್ಯವಸ್ಥೆಯೇ ಮೇಲು. ಆ ಕೆಲಸವನ್ನು ಒಬ್ಬರೇ ನಿಭಾಯಿಸಲಾಗದು. ಎಪ್ಪತ್ತು ಮಂದಿಯನ್ನು ಹೆಸರು ಹಿಡಿದು ಕರೆಯುವವಳಿಗೆ ಅದು ಬೇಕಿಲ್ಲ.

ಆಕೆ ಒಂದು ವಾರ ಯೋಚಿಸಿ ಮೂರನೆಯ ದಾರಿ ಹಿಡಿದಳು. ಪಕ್ಕದ ಬೀದಿಯ ಕೇಂದ್ರಕ್ಕೆ ಆ್ಯಪ್ ಇದೆ, ತನಗಿಲ್ಲ ಎಂಬ ಅಳುಕು ಆಕೆಗೆ ಇನ್ನೂ ಇದೆ, ಅದು ಸಹಜ. ಶುಲ್ಕವನ್ನು ಯುಪಿಐ ಮೂಲಕ ಪಡೆದು ಕೈಬರಹದ ರಸೀದಿ ಕೊಡುತ್ತಾಳೆ. ತಿಂಗಳಿಗೊಮ್ಮೆ ಇಡೀ ತಾಣದ ನಕಲನ್ನು ಪೆನ್‌ಡ್ರೈವಿಗೆ ಇಳಿಸಿ, ಅಡವಿನ ಚೀಟಿಯಿರುವ ಡಬ್ಬಿಯಲ್ಲಿಯೇ ಇಡುತ್ತಾಳಂತೆ. ಚಾಮರಾಜನಗರದ ವಾರಾಂತ್ಯದ ತರಗತಿಗೆ ಈವರೆಗೆ ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರೆ.