ಶಿಸ್ತೆಂಬ ಹೆಸರಿನಲ್ಲಿ

ಪ್ರೌಢಶಾಲೆಯ ದಿನಗಳಲ್ಲಿ, ಎನ್.ಸಿ.ಸಿ. ಶಿಬಿರವೊಂದರಲ್ಲಿ, ನಾನೊಂದು ತಪ್ಪು ಮಾಡಿದೆ. ಬೂಟಿಗೆ ಪಾಲಿಶ್ ಹಾಕದೆ ಬಂದಿದ್ದ ಕಿರಿಯನೊಬ್ಬನಿಂದ, ದೀಪಗಳು ಆರಿದ ಮೇಲೆ, ಗುಡಾರದ ಹಿಂದೆ ಬಸ್ಕಿ ಹೊಡೆಸಿದೆ. ಅವನು ಕುಸಿಯುವವರೆಗೂ ನಾವು ನಾಲ್ವರು ನಗುತ್ತ ಎಣಿಸಿದೆವು. ಶಿಸ್ತು ಕಲಿಸುತ್ತಿದ್ದೇನೆಂದೇ ನನ್ನ ನಂಬಿಕೆ. ಸದ್ದು ಕೇಳಿ ಬಂದ ಹವಾಲ್ದಾರರು ಎರಡೇ ಪ್ರಶ್ನೆ ಕೇಳಿದರು: “ಈಗ ಬೂಟು ಹೊಳೆಯಿತೇನು? ಇದನ್ನು ಹಗಲಿನಲ್ಲಿ, ನನ್ನೆದುರು ಮಾಡಿಸುತ್ತಿದ್ದೆಯಾ?”

ಅವರೇನು ಮೆತ್ತನೆಯ ಮನುಷ್ಯರಲ್ಲ. ಮರುದಿನ ನಸುಕಿನಲ್ಲಿ ನಮ್ಮೆಲ್ಲರನ್ನೂ ಮೈದಾನದ ಸುತ್ತ ಓಡಿಸಿದರು. ತಾವೂ ಜೊತೆಗೆ ಓಡಿದರು.

ಬಹುಕಾಲದ ಮೇಲೆ ಅಮೆರಿಕದ ಸೇನಾನಿ ಡಗ್ಲಸ್ ಮ್ಯಾಕಾರ್ಥರರ ಜೀವನಚರಿತ್ರೆಯನ್ನು ಓದುವಾಗ ಆ ರಾತ್ರಿ ಮರಳಿ ನೆನಪಾಯಿತು. 1899ರಲ್ಲಿ ಅವರು ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯವನ್ನು ಸೇರಿದಾಗ, ಹಿರಿಯ ವಿದ್ಯಾರ್ಥಿಗಳು ಅವರಿಂದಲೂ ಕುಸಿದು ಬೀಳುವಷ್ಟು ಬಸ್ಕಿ ಹೊಡೆಸಿದ್ದರು. ಇಂದು ನಾವು ರ‍್ಯಾಗಿಂಗ್ ಎನ್ನುವ ಈ ಪೀಡನೆಯ ಬಗ್ಗೆ 1901ರಲ್ಲಿ ವಿಚಾರಣೆ ನಡೆದಾಗ ಅವರು ಸಾಕ್ಷಿ ನುಡಿಯಬೇಕಾಯಿತು. 1919ರಲ್ಲಿ ಅದೇ ವಿದ್ಯಾಲಯದ ಮುಖ್ಯಸ್ಥರಾಗಿ ಬಂದ ಮ್ಯಾಕಾರ್ಥರರು ಹೊಸಬರ ತರಬೇತಿಯನ್ನು ಹಿರಿಯ ವಿದ್ಯಾರ್ಥಿಗಳ ಕೈಯಿಂದ ತೆಗೆದು ಅಧಿಕಾರಿಗಳಿಗೆ ಒಪ್ಪಿಸಿದರು. ನಮ್ಮ ದೇಶದ 1950ರ ಸೇನಾ ಕಾಯ್ದೆಯೂ ಕೈಕೆಳಗಿನವರನ್ನು ಪೀಡಿಸುವುದನ್ನು ಅಪರಾಧವೆಂದೇ ಎಣಿಸುತ್ತದೆ.

ಕಾರಣ ಸರಳವಾದುದು. ರಣರಂಗದಲ್ಲಿ ಸೈನಿಕನ ಪ್ರಾಣ ಪಕ್ಕದವನ ಕೈಯಲ್ಲಿರುತ್ತದೆ. ಹವಾಲ್ದಾರರ ಓಟ ನಮ್ಮನ್ನು ಒಂದುಗೂಡಿಸಿತು. ನಾನು ಹೊಡೆಸಿದ ಬಸ್ಕಿಯೋ? ಶಿಬಿರ ಮುಗಿಯುವವರೆಗೂ ಆ ಹುಡುಗ ನನ್ನ ಆಜ್ಞೆಗಳನ್ನೆಲ್ಲ ತಪ್ಪದೆ ಪಾಲಿಸಿದ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.