ಹಗುರ ಕೋವಿಯ ಮೋಹ

ಬೇಟೆಯ ಕೋವಿ ಎಂದೊಡನೆ ಆನೆಯನ್ನೂ ಉರುಳಿಸುವ ಭಾರದ ಜೋಡುನಳಿಗೆಯೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ನನ್ನ ಮನಸ್ಸು ಒಲಿದಿರುವುದಾದರೋ ಜಿಮ್ ಕಾರ್ಬೆಟ್ಟರ ಸಣ್ಣ ರೈಫಲ್ಲಿಗೆ. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಅವರಿಗೆ ಉಡುಗೊರೆಯಾಗಿ ಬಂದ ರಿಗ್ಬಿ ಕಂಪನಿಯ .275 ಅದು. ಗುಂಡಿನ ದಪ್ಪ ಸುಮಾರು 7 ಮಿಲಿಮೀಟರ್, ಸೈನ್ಯದ.303ರಷ್ಟು ಬಳಕೆಯ ಅಳತೆಯೂ ಅಲ್ಲ.

ಅದರಲ್ಲೇನು ಹೆಚ್ಚುಗಾರಿಕೆ ಎನ್ನುವಿರಾ? ಗಢವಾಲದ ಏರುದಾರಿಯಲ್ಲಿ ದಿನವಿಡೀ ನಡೆಯುವವನಿಗೆ ಭಾರದ ಕೋವಿ ಹೆಗಲಿನ ಶತ್ರು. ಹಗುರವಾದದ್ದಾದರೆ ಬೇಕಾದ ಗಳಿಗೆಗೆ ಕೈಯಲ್ಲಿರುತ್ತದೆ. ಸಣ್ಣ ತೋಟಾದ ಒದೆತವೂ ಕಡಿಮೆ. ಒದೆತಕ್ಕೆ ಅಂಜದ ಕೈ ಗುರಿ ಕೆಡಿಸದು. ಅಪರೂಪದ ಅಳತೆಯ ತೋಟಾ ಎಲ್ಲೆಂದರಲ್ಲಿ ದೊರೆಯದು. ಆದುದರಿಂದ ಹಾರಿಸುವ ಮುನ್ನ ಯೋಚಿಸಲೇಬೇಕು. 125 ಜನರನ್ನು ಕೊಂದ ರುದ್ರಪ್ರಯಾಗದ ಚಿರತೆ 1926ರ ಮೇ ತಿಂಗಳ ಒಂದಿರುಳು ಈ ಕೋವಿಯ ಒಂದೇ ಗುಂಡಿಗೆ ಬಿತ್ತು. ಅದು ತಪ್ಪಿದ್ದರೆ ಮರುದಿನ ಯಾರ ಮನೆಯ ಸರದಿಯೋ!

ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಆ ಕಥೆಯನ್ನು ನಮ್ಮ ಮಕ್ಕಳಿಗೂ ಓದಿಹೇಳಬಹುದು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಕಾರ್ಬೆಟ್ಟರೇ ಕಡೆಕಡೆಗೆ ಕೋವಿಗಿಂತ ಕ್ಯಾಮೆರಾವನ್ನು ಹೆಚ್ಚು ಪ್ರೀತಿಸಿದರು. ಆದರೂ ಆ ಸಣ್ಣ ಕೋವಿಯ ಮೇಲಿನ ನನ್ನ ಅಕ್ಕರೆ ಕುಂದಿಲ್ಲ. ಹೊರಲು ಹಗುರ, ಹಾರಿಸಲು ಹೊಣೆ ಭಾರ. ಬಲವೆಂಬುದು ಯಾರ ಕೈಯಲ್ಲಿದ್ದರೂ ಹಾಗಿರಬೇಕು.